ಶಾಲೆಯು ಯಾರದು? ಮಿಶನ್ ಶಾಲೆಗಳ ಆಡಳಿತ ಮಂಡಳಿಯ ಪೂರ್ವೋತ್ತರ

ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯಲ್ಲಿ ಪ್ರಯಾಣ ಮಾಡುವವರಿಗೆ ಕೋರ ಹೋಬಳಿಯ ವಸಂತನರಸಾಪುರವು ಇಂದು ಕಾರ್ಖಾನೆಗಳ ಹೆಸರಾಗಿಯೇ ಪರಿಚಿತವಾಗಿರುವುದು. 2014ನೆಯ ಇಸವಿಯ ಸೆಪ್ಟೆಂಬರ್ 24ರಂದು ಪ್ರಧಾನಮಂತ್ರಿಗಳು ಇಲ್ಲಿಯ ಆಹಾರ ಸಂಸ್ಕರಣದ ಉದ್ಯಾನವನ್ನು ಉದ್ಘಾಟಿಸಿದರು. ಅದೇ ದಿನದ ಪ್ರಾತಃಕಾಲದಲ್ಲಿ ನಮ್ಮ ದೇಶದ ನೌಕೆಯು ಮಂಗಳ ಗ್ರಹದ ಕಕ್ಷೆಯನ್ನು ಸೇರಿದ್ದಿತು. ರಾಗಿ, ಅವರೆ, ಹುರುಳಿಗಳನ್ನು ಬೆಳೆಯುತ್ತಿದ್ದ ಹೊಲಗಳು ಕೈಗಾರಿಕಾ ಪ್ರದೇಶವಾದ ಮೇಲೆ ಆ ಸುತ್ತಿನ ಒಕ್ಕಲಮಕ್ಕಳು ನೇಗಿಲನ್ನು ಮೂಲೆಗಿಟ್ಟು, ಪಾಳಿಯ ಕೆಲಸಕ್ಕೆ ಹೋಗುವವರಾದರು. ಹಾಗೆ ಕೆಲಸಕ್ಕೆ ಸೇರಿದ್ದ ಆ ಊರ ಕಡೆಯ ಗೃಹಸ್ಥನೊಬ್ಬನು ಕೆಲವು ವರ್ಷಗಳ ಹಿಂದೆ ತನ್ನ ಮಗಳ ಕೈಹಿಡಿದುಕೊಂಡು ನನ್ನ ಮನೆಗೆ ಬಂದನು. ನಾನು ಒಂದು ಚರ್ಚ್ ಶಾಲೆಯ ಆಡಳಿತ ಮಂಡಳಿಯಲ್ಲಿರುವೆನೆಂದು ಯಾರೋ ಅವನಿಗೆ ತಿಳಿಸಿದ್ದರು. ಮಗುವಿಗೆ ಅಲ್ಲಿ ಪ್ರವೇಶವನ್ನು ಕೊಡಿಸಬೇಕೆಂಬುದು ಅವನ ಬಯಕೆ. ಮಾತಿನ ನಡುವೆ ಅವನು, “ಸ್ವಾಮಿ, ಆ ಇಸ್ಕೂಲು ಯಾರ್ದು? ಪಾದ್ರಿಗಳದ್ದಾ, ಕಮಿಟಿಯೋರದ್ದಾ, ಗೌರ್ಮೆಂಟ್ದಾ?” ಎಂದು ಕೇಳಿದನು. ಯಾರ ಕಾಲಿಗೆ ಬಿದ್ದರೆ ಕೆಲಸವಾದೀತೆಂಬುದನ್ನು ತಿಳಿಯುವುದಕ್ಕಾಗಿ ಕೇಳಿದ ಪ್ರಶ್ನೆ ಅದು. ನಾನು ಏನೋ ಒಂದು ಉತ್ತರವನ್ನು ಹೇಳಿ ಕಳುಹಿಸಿದೆನು. ಆದರೆ ಉತ್ತರವು ನನಗೇ ತೃಪ್ತಿಯನ್ನು ಕೊಡಲಿಲ್ಲ. ಅದನ್ನು ಹುಡುಕುತ್ತ ಹೋದ ಪ್ರಯತ್ನದ ಫಲವೇ ಈ ಲೇಖನವು.

ಮೊದಲು ಹೆಸರಿನ ವಿಚಾರ. ಇಂಗ್ಲೆಂಡಿನಲ್ಲಿ ಶಾಲೆಯ ಆಡಳಿತ ಸದಸ್ಯನಿಗೆ ‘ಗವರ್ನರ್’ ಎಂದೇ ಹೆಸರು. ನಮ್ಮಲ್ಲಿ ಆ ಬಿರುದು ರಾಜಭವನಕ್ಕೆ ಮಾತ್ರ ಸಲ್ಲುವುದರಿಂದ, ಹಳ್ಳಿಯ ಶಾಲೆಯ ಮುರುಕು ಬೆಂಚಿನ ಲೆಕ್ಕ ನೋಡುವವನನ್ನು ಹಾಗೆ ಕರೆದರೆ ನಗೆಪಾಟಲಾಗುವುದು. ಮಂಗಳೂರಿನ ಕಡೆಯಲ್ಲಿ ಶಾಲೆಯ ಪರವಾಗಿ ಇಲಾಖೆಯೊಡನೆ ವ್ಯವಹರಿಸುವವರಿಗೆ ‘ಸಂಚಾಲಕರು’ ಎಂದು ಹೆಸರು. ಕಾಸರಗೋಡಿನ ಅನುದಾನಿತ ಶಾಲೆಗಳಲ್ಲಿ ‘ಮ್ಯಾನೇಜರು’ ಅಥವಾ ‘ವ್ಯವಸ್ಥಾಪಕರು’ ಎನ್ನುವರು. ಹಳೆಯ ಮಿಶನ್ ಶಾಲೆಗಳಲ್ಲಿ ‘ಕರೆಸ್ಪಾಂಡೆಂಟ್’ ಎಂಬ ಮಾತು ಬಳಕೆಗೆ ಬಂದಿತು. ಅದರ ಅರ್ಥವು ಪತ್ರ ಬರೆಯುವವನೆಂದಷ್ಟೆ. ಶಾಲೆಯನ್ನು ಆಳುವವನಿಗೆ ಪತ್ರ ಬರೆಯುವವನೆಂಬ ಹೆಸರು ಹೇಗೆ ಬಂದಿತೆಂಬುದನ್ನು ಮುಂದೆ ನೋಡುವೆವು. ಅದರಲ್ಲಿಯೇ ಈ ಚರಿತ್ರೆಯ ಒಂದು ಗುಟ್ಟು ಅಡಗಿದೆ.

ಮಿಶನರಿಗಳು ಬರುವುದಕ್ಕೆ ಮುನ್ನ ನಮ್ಮ ಸೀಮೆಯಲ್ಲಿ ಶಾಲೆಗಳಿರಲಿಲ್ಲವೆಂದು ಯಾರೂ ತಿಳಿಯಬಾರದು. ಕೂಲಿಮಠಗಳಿದ್ದವು. ಯಾವನಾದರೊಬ್ಬ ಸಾಹುಕಾರನ ಜಗುಲಿಯೋ, ದೇವಸ್ಥಾನದ ಪ್ರಾಕಾರವೋ, ಮಠದ ಪಡಸಾಲೆಯೋ ಪಾಠಸ್ಥಳವು. ಐಗಳು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದಿಸುವರು. ಕೈ ಕುದುರಿದ ಮೇಲೆ ಬಳಪ, ಕಡತ. ಬಾಯಿಪಾಠಕ್ಕೆ ಮಗ್ಗಿ ಮತ್ತು ಅಮರ. ಐಗಳ ಸಂಬಳವು ಕಣದಲ್ಲಿ ಅಳೆದು ಕೊಡುವ ರಾಗಿ, ಬತ್ತ, ಹಬ್ಬಹುಣ್ಣಿಮೆಗಳ ಎಲೆ, ಅಡಕೆ, ಕಾಸು. ಮಹಾನವಮಿ ಬಂದಿತೆಂದರೆ ಮಕ್ಕಳು ಐಗಳೊಡನೆ ಮನೆಮನೆಗೂ ಹೋಗಿ ಚೌಪದಗಳನ್ನು ಹಾಡಿ ಕಾಣಿಕೆಯನ್ನು ತರುವರು. ಈ ಮಠಕ್ಕೆ ಆಡಳಿತ ಮಂಡಳಿಯು ಯಾವುದು? ಹೆಸರಿಲ್ಲದಿದ್ದರೂ ಇದ್ದಿತು. ಐಗಳ ಪಾಠವು ಹಿಡಿಸದಿದ್ದರೆ ಕಾಳು ಅಳೆಯುವವರ ಕೈ ಬಿಗಿಯಾಗುವುದು. ಎರಡು ಸುಗ್ಗಿ ಹಾಗಾದರೆ ಐಗಳು ಗಂಟುಕಟ್ಟಿ ಬೇರೆ ಊರಿಗೆ ಹೊರಡುವರು. ಕಾಳು ಅಳೆಯಲಾರದವನಿಗೂ, ಜಗುಲಿಯನ್ನು ಹತ್ತಲು ಅಪ್ಪಣೆಯಿಲ್ಲದವನಿಗೂ ಈ ಆಡಳಿತದಲ್ಲಿ ಪಾಲಿರಲಿಲ್ಲವೆಂಬುದನ್ನು ಮರೆಯಲಾಗದು. ಕೂಲಿಮಠವನ್ನು ಈಚೆಗೆ ಬಹಳ ಜನರು ಹೊಗಳುತ್ತಿರುವುದರಿಂದ ಇಷ್ಟನ್ನು ಹೇಳಬೇಕಾಯಿತು.

ಇಂತಹ ಸೀಮೆಗೆ ವೆಸ್ಲಿಯನ್ ಮಿಶನ್ನಿನವರು ಬಂದರು. ಬೆಂಗಳೂರಿನ ದಂಡಿನಲ್ಲಿ ತಮಿಳರ ನಡುವೆ 1820ರ ದಶಕದಿಂದ ಕೆಲಸ ಮಾಡುತ್ತಿದ್ದ ಆ ಸಂಘವು ಕನ್ನಡಿಗರ ನಡುವೆ ನೆಲೆಯೂರುವುದಕ್ಕೆ ಆರಿಸಿಕೊಂಡ ಮೊದಲ ಸ್ಥಳಗಳಲ್ಲಿ ಗುಬ್ಬಿಯೂ ಒಂದು. 1837ರಲ್ಲಿ ಥಾಮಸ್ ಹಾಡ್ಸನ್ನರು ಅಲ್ಲಿ ಠಾಣ್ಯವನ್ನು ಆರಂಭಿಸಿದರು. ಗುಬ್ಬಿಯನ್ನು ಆರಿಸಿದುದು ವಿವೇಕದ ಕೆಲಸವೇ ಸರಿ. ಅದು ಆ ಕಾಲದಲ್ಲಿ ದೊಡ್ಡ ವ್ಯಾಪಾರದ ಪೇಟೆ. ಅಡಕೆ, ಕೊಬ್ಬರಿ, ಜವಳಿಗಳ ಹೇರುಗಳು ಘಟ್ಟದ ಸೀಮೆಯಿಂದಲೂ ಬಯಲುಸೀಮೆಯಿಂದಲೂ ಅಲ್ಲಿಗೆ ಬಂದು ಸೇರುತ್ತಿದ್ದವು. ಅಲ್ಲಿ ಆಡಿದ ಮಾತು ಎತ್ತಿನ ಹೇರುಗಳೊಡನೆ ಹತ್ತು ಸೀಮೆಗೆ ಹೋಗುವುದು. 1839ರಲ್ಲಿ ವಿಲಿಯಂ ಆರ್ಥರನೆಂಬ ಐರಿಷ್ ತರುಣನು ಗುಬ್ಬಿಗೆ ಬಂದನು. ಆಗ ಅವನಿಗೆ ಇಪ್ಪತ್ತರ ಹರೆಯ. ಕನ್ನಡವನ್ನು ಶ್ರದ್ಧೆಯಿಂದ ಕಲಿತನು. ಆದರೆ ಆರೋಗ್ಯವು ಕೆಟ್ಟು 1841ರಲ್ಲಿಯೇ ಸ್ವದೇಶಕ್ಕೆ ಹಿಂದಿರುಗಬೇಕಾಯಿತು. ಮೈಸೂರು ಸೀಮೆಯ ಮಿಶನ್ನನ್ನು ಕುರಿತು 1847ರಲ್ಲಿ ಅವನು ಪ್ರಕಟಿಸಿದ ಇಂಗ್ಲಿಷ್ ಗ್ರಂಥವು ಗುಬ್ಬಿಯ ಸಂತೆ, ಬೀದಿ, ವಾದವಿವಾದಗಳನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುವುದು. ಅವನು ಮುಂದೆ ತನ್ನ ಸಂಘದಲ್ಲಿ ಉನ್ನತ ಪದವಿಗೇರಿ, 1866ರಲ್ಲಿ ಅದರ ಮಹಾಸಭೆಗೆ ಅಧ್ಯಕ್ಷನಾದನು. ಎರಡು ವರ್ಷದ ಗುಬ್ಬಿಯ ವಾಸವೇ ಅವನ ಆ ಬರವಣಿಗೆಗೆ ಬಂಡವಾಳವಾಗಿದ್ದಿತೆಂಬುದು ನಮ್ಮ ಜಿಲ್ಲೆಯವರಿಗೆ ಸ್ವಲ್ಪ ಹೆಮ್ಮೆಯ ವಿಷಯವಾಗಬಹುದು.

ಆಗ ರಾಜ್ಯವು ಕಮಿಷನರ ಆಡಳಿತದಲ್ಲಿದ್ದಿತು. ಚಿತ್ರದುರ್ಗದ ಡಿವಿಜನ್ನಿಗೆ ತುಮಕೂರೇ ಮುಖ್ಯಸ್ಥಾನ. ಅಲ್ಲಿ ಬಹುಕಾಲ ಸೂಪರಿಂಟೆಂಡೆಂಟರಾಗಿದ್ದ ಡಾಬ್ಸ್ ಸಾಹೇಬರು ದೃಢವಾದ ಕ್ರೈಸ್ತ ನಿಷ್ಠೆಯುಳ್ಳವರೆಂದು ಪ್ರಸಿದ್ಧರು. ಡಾಬಸ್‌ಪೇಟೆಗೆ ಹೆಸರು ಬಂದುದು ಅವರಿಂದಲೇ. ಅಧಿಕಾರಿಯೂ ಪಾದ್ರಿಯೂ ಒಂದೇ ಮತದವರು, ಒಂದೇ ಬಣ್ಣದವರು ಆಗಿದ್ದಾಗ, ಶಾಲೆಯು ಮಿಶನ್ನಿನದೋ ಸರ್ಕಾರದ್ದೋ ಎಂಬ ಭೇದವು ಹಳ್ಳಿಯ ಜನಕ್ಕೆ ತಿಳಿಯುವುದು ಹೇಗೆ? ವಸಂತನರಸಾಪುರದ ಗೃಹಸ್ಥನ ಸಂದೇಹಕ್ಕೆ ಬೇರು ಇಲ್ಲಿಯೇ ಇರುವುದೆಂದು ನಾನು ಭಾವಿಸುವೆನು.

ಈ ಮೊದಲ ಶಾಲೆಗಳ ಆಡಳಿತವು ಸಂಪೂರ್ಣವಾಗಿ ಮಿಶನರಿಗಳದು. ಉಪಾಧ್ಯಾಯರನ್ನು ನೇಮಿಸುವವರೂ, ಸಂಬಳವನ್ನು ಕೊಡುವವರೂ, ಪುಸ್ತಕಗಳನ್ನು ಗೊತ್ತುಮಾಡುವವರೂ ಅವರೇ. ವರ್ಷಕ್ಕೊಮ್ಮೆ ಮಿಶನರಿಗಳು ತಮ್ಮ ‘ಡಿಸ್ಟ್ರಿಕ್ಟ್ ಸಭೆ’ಯಲ್ಲಿ ಕೂಡಿ ಲೆಕ್ಕಪತ್ರಗಳನ್ನು ನೋಡುವರು; ಅಂತಿಮ ಮಾತು ಲಂಡನ್ನಿನ ಸಮಿತಿಯದು. ಊರಿನವರಿಗೆ ಇದ್ದ ಅಧಿಕಾರವು ಒಂದೇ, ಅದು ಕೂಲಿಮಠದ ಕಾಲದಿಂದ ಬಂದುದು. ಮನಸ್ಸು ಒಪ್ಪದಿದ್ದರೆ ಮಗುವನ್ನು ಬಿಡಿಸಿಕೊಂಡು ಬರುವುದು. ಆ ಒಂದು ಅಧಿಕಾರವನ್ನು ಜನರು ಹೇಗೆ ಚಲಾಯಿಸಿದರೆಂಬುದಕ್ಕೆ ಮಂಗಳೂರಿನ ನಿದರ್ಶನವು ಪ್ರಸಿದ್ಧವಾಗಿದೆ. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ತರುಣನು ಬಾಸೆಲ್ ಮಿಶನ್ನಿನಲ್ಲಿ ದೀಕ್ಷಾಸ್ನಾನವನ್ನು ಪಡೆದನು. ಊರೆಲ್ಲ ಅಲ್ಲೋಲಕಲ್ಲೋಲವಾಯಿತು, ಇಂಗ್ಲಿಷ್ ಶಾಲೆಯಿಂದ ಹುಡುಗರು ಹೊರಟುಹೋದರು. ಕೌಂಡಿನ್ಯನ ಅಂತಃಕರಣದ ಸ್ವಾತಂತ್ರ್ಯವನ್ನು ನಾವು ಪ್ರಶ್ನಿಸುವಂತಿಲ್ಲ. ಆದರೆ ಅಕ್ಷರ ಕಲಿಯಲಿ ಎಂದು ಮಗನನ್ನು ಕಳುಹಿಸಿದ ತಂದೆಯ ಮನಸ್ಸು ಆ ದಿನ ಏನಾಗಿದ್ದೀತೆಂಬುದನ್ನೂ ಎಣಿಸಬೇಕು. ಆ ತಂದೆಯ ಮಾತನ್ನು ಕೇಳುವುದಕ್ಕೆ ಶಾಲೆಯ ಒಳಗೆ ಒಂದು ಕುರ್ಚಿಯೂ ಇರಲಿಲ್ಲ. ಹೊಸಿಲ ಹೊರಗೆ ನಿಂತು ಕೂಗುವುದೊಂದೇ ಅವನಿಗೆ ಉಳಿದ ಮಾರ್ಗ.

ಮಿಶನರಿಗಳೆಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ವರ್ಣಿಸುವುದು ಅನ್ಯಾಯ. ಬೆಂಗಳೂರಿನ ವೆಸ್ಲಿಯನ್ ಮುದ್ರಣಾಲಯವನ್ನು ನಡೆಸುತ್ತಿದ್ದ ಜಾನ್ ಗ್ಯಾರೆಟ್ಟರು 1849ರಲ್ಲಿ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಈ ಮೂರು ಭಾಷೆಗಳಲ್ಲಿ ಅಚ್ಚುಹಾಕಿಸಿದರು. ಮಿಶನ್ನಿನ ಅಚ್ಚುಕೂಟದಿಂದ ಗೀತೆಯು ಹೊರಬಂದುದು ಇಂದಿಗೂ ಆಶ್ಚರ್ಯವನ್ನುಂಟುಮಾಡುವ ಸಂಗತಿ. ಅದೇ ಗ್ಯಾರೆಟ್ಟರು ಮುಂದೆ ಮಿಶನ್ನನ್ನು ಬಿಟ್ಟು ಮೈಸೂರು ಸರ್ಕಾರದ ವಿದ್ಯಾಭ್ಯಾಸದ ಇಲಾಖೆಗೆ ಮುಖ್ಯಾಧಿಕಾರಿಗಳಾದರು. ಹಾಡ್ಸನ್ನರು 1859ರಲ್ಲಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದರು. ನಮ್ಮ ನುಡಿಗೆ ಇವರಿಂದಾದ ಉಪಕಾರವು ಚಿಕ್ಕದಲ್ಲ.

ಈಗ ವಿಷಯದ ತಿರುಳಿಗೆ ಬರುವೆನು. 1854ರ ಜುಲೈ 19ರಂದು ಕಂಪನಿಯ ಡೈರೆಕ್ಟರುಗಳು ಹಿಂದುಸ್ತಾನಕ್ಕೆ ಕಳುಹಿಸಿದ ವಿದ್ಯಾಭ್ಯಾಸದ ನಿರೂಪವು, ಚಾರ್ಲ್ಸ್ ವುಡ್ಡರ ಹೆಸರಿನಿಂದ ಪ್ರಸಿದ್ಧವಾದುದು, ಸಹಾಯದ್ರವ್ಯದ ಪದ್ಧತಿಯನ್ನು ಸ್ಥಾಪಿಸಿತು. ಖಾಸಗಿ ಶಾಲೆಗಳು ಒಳ್ಳೆಯ ಲೌಕಿಕ ವಿದ್ಯೆಯನ್ನು ಕೊಟ್ಟರೆ ಸರ್ಕಾರವು ಹಣದಿಂದ ನೆರವಾಗುವುದು. ಅಲ್ಲಿ ಯಾವ ಮತವನ್ನು ಬೋಧಿಸುವರೆಂಬುದನ್ನು ಇನ್‌ಸ್ಪೆಕ್ಟರು ವಿಚಾರಿಸತಕ್ಕದ್ದಲ್ಲ. ಇಷ್ಟನ್ನು ಎಲ್ಲ ಚರಿತ್ರೆಗಳೂ ಹೇಳುವುವು. ಆದರೆ ನಿರೂಪದಲ್ಲಿ ಇನ್ನೊಂದು ಷರತ್ತು ಇರುವುದು, ಅದನ್ನು ಯಾರೂ ಅಷ್ಟಾಗಿ ಗಮನಿಸಿದಂತೆ ಕಾಣದು. ಶಾಲೆಯು ತಕ್ಕುದಾದ ‘ಸ್ಥಳೀಯ ಆಡಳಿತ’ಕ್ಕೆ ಒಳಪಟ್ಟಿರಬೇಕು. ಹಾಗೆಂದರೇನೆಂಬುದನ್ನೂ ನಿರೂಪವು ಬಿಡಿಸಿ ಹೇಳುವುದು: ಪೋಷಕರೋ, ಸ್ವಇಚ್ಛೆಯಿಂದ ಚಂದಾ ಕೊಡುವವರೋ, ದತ್ತಿಯ ಧರ್ಮದರ್ಶಿಗಳೋ ಆದ ಒಬ್ಬರು ಅಥವಾ ಹಲವರು ಶಾಲೆಯ ಸಾಮಾನ್ಯ ಮೇಲ್ವಿಚಾರಣೆಯನ್ನು ವಹಿಸಿ, ಒಂದು ನಿಯತ ಕಾಲದವರೆಗೆ ಅದು ನಿಲ್ಲದೆ ನಡೆಯುವುದಕ್ಕೆ ಹೊಣೆಯಾಗಬೇಕು. ಮಕ್ಕಳಿಂದ ಎಷ್ಟು ಅಲ್ಪವಾದರೂ ಸರಿ, ಫೀಜನ್ನು ತೆಗೆದುಕೊಳ್ಳಬೇಕೆಂಬುದೂ ಸೇರಿದ್ದಿತು.

ನಮ್ಮ ದೇಶದಲ್ಲಿ ಶಾಲೆಯ ಆಡಳಿತ ಸದಸ್ಯನಿಗೆ ಇದೇ ಜಾತಕವು. ಅವನ ಕರ್ತವ್ಯವು ಪಾಠ ಹೇಳುವುದಲ್ಲ, ಪರೀಕ್ಷಿಸುವುದಲ್ಲ. ಶಾಲೆಯು ನಾಳೆಯೂ ಬಾಗಿಲು ತೆರೆಯುವುದೆಂಬುದಕ್ಕೆ ಹೊಣೆಯಾಗುವುದು. ಈ ಹೊಣೆಯನ್ನು ಹೊತ್ತವನು ಇಲಾಖೆಗೆ ಉತ್ತರ ಕೊಡಬೇಕು, ಹಾಜರಿ ಲೆಕ್ಕ ಕಳುಹಿಸಬೇಕು, ಹಣಕ್ಕೆ ರಶೀದಿ ಹಾಕಬೇಕು. ಹೀಗೆ ಆಳುವವನು ಪತ್ರ ಬರೆಯುವವನಾದನು, ‘ಕರೆಸ್ಪಾಂಡೆಂಟ್’ ಆದನು. ಹಣ ಕೊಟ್ಟವರಿಗೆ ಉತ್ತರ ಹೇಳುವುದೇ ಆಡಳಿತವೆಂಬ ಭಾವನೆಯು ಆ ಹೆಸರಿನಲ್ಲಿ ನೆಲೆಸಿಬಿಟ್ಟಿತು. ಮಕ್ಕಳನ್ನು ಕೊಟ್ಟವರಿಗೆ ಉತ್ತರ ಹೇಳುವುದು ಅದರಲ್ಲಿ ಸೇರಲಿಲ್ಲ. ನಿರೂಪದ ಪೋಷಕ, ಚಂದಾದಾರ, ಧರ್ಮದರ್ಶಿ ಎಂಬ ಪಟ್ಟಿಯಲ್ಲಿ ತಂದೆತಾಯಿಗಳೆಂಬ ಮಾತು ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ನಿರೂಪವನ್ನು ಅನುಸರಿಸಿ ಮೈಸೂರಿನಲ್ಲಿ 1857ರಲ್ಲಿ ವಿದ್ಯಾಭ್ಯಾಸದ ಇಲಾಖೆಯು ಏರ್ಪಟ್ಟಿತು. ಅಷ್ಟರಲ್ಲಿ ಧಾರವಾಡದಲ್ಲಿ ಒಂದು ಘಟನೆಯು ನಡೆದಿದ್ದಿತು. 1856ರಲ್ಲಿ ಅಲ್ಲಿಯ ಸರ್ಕಾರಿ ಶಾಲೆಗೆ ಸೇರಬೇಕೆಂದು ಬಂದ ಮಹಾರ್ ಜಾತಿಯ ಬಾಲಕನೊಬ್ಬನಿಗೆ ಪ್ರವೇಶವನ್ನು ನಿರಾಕರಿಸಿದರು. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿಯನ್ನು ಕೊಟ್ಟನು. ಒಬ್ಬನನ್ನು ಸೇರಿಸಿದರೆ ಉಳಿದವರೆಲ್ಲರೂ ಶಾಲೆಯನ್ನು ಬಿಟ್ಟಾರೆಂಬ ಭಯದಿಂದ ಸರ್ಕಾರವು ಕೈಚೆಲ್ಲಿತು. ವಿಚಾರವು ಕಲ್ಕತ್ತೆಗೆ ಹೋಗಿ, ಅಲ್ಲಿಂದ ಲಂಡನ್ನಿಗೆ ಹೋಗಿ, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವೆಂದು 1858ರಲ್ಲಿ ನಿರ್ಣಯವಾಯಿತು. ಆದರೆ ಮುಂಬಯಿ ಸರ್ಕಾರವು ಆ ನಿಯಮವನ್ನು ಪೂರಾ ತನ್ನ ಖರ್ಚಿನಲ್ಲಿಯೇ ನಡೆಯುವ ಶಾಲೆಗಳಿಗೆ ಅನ್ವಯಿಸಿತು. ಊರಿನವರ ಚಂದಾ ಸೇರಿದ ಶಾಲೆಗಳ ವಿಚಾರದಲ್ಲಿ ಒತ್ತಾಯ ಮಾಡಲಿಲ್ಲ. ಎಂದರೆ, ಚಂದಾ ಕೊಟ್ಟವನಿಗೆ ಬಾಗಿಲು ಹಾಕುವ ಅಧಿಕಾರವೂ ಬಂದಂತಾಯಿತು.

‘ಸ್ಥಳೀಯ ಆಡಳಿತ’ ಎಂಬುದನ್ನು ಕೇವಲ ಪುಣ್ಯಶಬ್ದವಾಗಿ ಉಚ್ಚರಿಸುವವರು ಧಾರವಾಡದ ಈ ಬಾಲಕನನ್ನು ನೆನೆಯಬೇಕು. ಊರಿನ ಹತ್ತು ಜನರನ್ನು ಕೂರಿಸಿ ಆಡಳಿತ ಕೊಟ್ಟರೆ ಅದು ಹನ್ನೊಂದನೆಯವನಿಗೆ ನ್ಯಾಯವಾಗುವುದೆಂಬ ಭರವಸೆಯೇನೂ ಇಲ್ಲ. ಇಂತಹ ಸಂದರ್ಭದಲ್ಲಿ, ಊರಿನವರ ಮಾತನ್ನು ಕೇಳಬೇಕಾಗಿಲ್ಲದ ಪಾದ್ರಿಯೊಬ್ಬನು ಹೊಲಗೇರಿಯ ಮಗುವನ್ನು ಮಿಶನ್ ಶಾಲೆಗೆ ಸೇರಿಸಿಕೊಳ್ಳಬಲ್ಲವನಾಗಿದ್ದನು. ಮೇಲುಜಾತಿಯವರು ಬಿಟ್ಟುಹೋದರೆ ಹೋಗಲಿ ಎನ್ನುವ ಧೈರ್ಯವು ಅವನಿಗೆ ಇದ್ದುದು, ಅವನ ಸಂಬಳವು ಊರಿನ ಕಣದಿಂದ ಬರುತ್ತಿರಲಿಲ್ಲವಾದುದರಿಂದ. ಪರಾಧೀನವಾದ ಆಡಳಿತದಿಂದಲೂ ಒಂದೊಂದು ಸಲ ಒಳ್ಳೆಯದಾಗುವುದು. ಈ ಮಾತನ್ನು ಬರೆಯುವಾಗ ನನ್ನ ಲೇಖನಿಯು ಸ್ವಲ್ಪ ತಡೆಯುವುದು. ಆದರೂ ಇದು ನಿಜ.

1868ರಲ್ಲಿ ಬೆಂಜಮಿನ್ ಲೂಯಿಸ್ ರೈಸರು ಹೋಬಳಿಗೊಂದು ಶಾಲೆಯ ಯೋಜನೆಯನ್ನು ತಂದರು. ರೈಸರು ಲಂಡನ್ ಮಿಶನ್ನಿನ ಪಾದ್ರಿಗಳ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು, ಕನ್ನಡದ ಗಾಳಿಯಲ್ಲಿ ಬೆಳೆದವರು. ಶಾಲೆಗಳ ತನಿಖೆಗಾಗಿ ಕುದುರೆಯೇರಿ ಸುತ್ತುವಾಗ ಊರೂರ ಶಾಸನಗಳು ಅವರ ಕಣ್ಣಿಗೆ ಬಿದ್ದವು. ಕರ್ಣಾಟಕದ ಶಾಸನ ಸಂಪುಟಗಳಿಗೆ ಅದೇ ಮೂಲ. ತುಮಕೂರು ಜಿಲ್ಲೆಯದು ಹನ್ನೆರಡನೆಯ ಸಂಪುಟ, 1904ರಲ್ಲಿ ಅಚ್ಚಾದುದು. ಶಾಲಾ ಇನ್‌ಸ್ಪೆಕ್ಟರೊಬ್ಬರು ಹಾಜರಿ ಪುಸ್ತಕದಿಂದ ತಲೆಯೆತ್ತಿ ಹೊರಗಿನ ಕಲ್ಲನ್ನು ನೋಡಿದರೆ ಎಷ್ಟು ಲಾಭವಾಗಬಹುದೆಂಬುದಕ್ಕೆ ಇದು ಸಾಕ್ಷಿ. ಹೋಬಳಿ ಶಾಲೆಗಳು ಬಂದ ಮೇಲೆ ಹಳ್ಳಿಯ ಜನರಿಗೆ ಮೊದಲನೆಯ ಸಲ ಆರಿಸಿಕೊಳ್ಳುವ ಅವಕಾಶವು ದೊರೆಯಿತು. ಐಗಳ ಮಠ, ಮಿಶನ್ ಶಾಲೆ, ಸರ್ಕಾರದ ಶಾಲೆ ಮೂರೂ ಎದುರಿಗೆ ನಿಂತವು. ಮಿಶನ್ ಶಾಲೆಯವರೂ ತಂದೆತಾಯಿಗಳ ಮನಸ್ಸನ್ನು ನೋಡಿಕೊಂಡು ನಡೆಯಬೇಕಾಯಿತು.

ಮರುದಶಕದ ಕ್ಷಾಮವು ಇನ್ನೊಂದು ಬಗೆಯ ಹೊಣೆಯನ್ನು ತಂದಿತು. 1871ರಲ್ಲಿ 50,55,412 ಇದ್ದ ಮೈಸೂರಿನ ಜನಸಂಖ್ಯೆಯು 1881ರ ಗಣತಿಯಲ್ಲಿ 41,86,188ಕ್ಕೆ ಇಳಿದಿದ್ದಿತು. 1876ರಿಂದ 1878ರವರೆಗಿನ ಆ ಧಾತು, ಈಶ್ವರ ಸಂವತ್ಸರಗಳ ನೆನಪು ನಮ್ಮ ಅಜ್ಜಿಯರ ಬಾಯಲ್ಲಿ ಬಹುಕಾಲ ಉಳಿದಿದ್ದಿತು. ತಂದೆತಾಯಿಗಳನ್ನು ಕಳೆದುಕೊಂಡ ಬಾಲಕರಿಗಾಗಿ ತುಮಕೂರಿನಲ್ಲಿ ವೆಸ್ಲಿಯನ್ ಮಿಶನ್ನಿನವರು ಅನಾಥಾಲಯವನ್ನು ನಡೆಸಿ, ಓದುಬರಹದೊಡನೆ ಕೈಕಸುಬನ್ನು ಕಲಿಸಿದರು. ಅನಾಥನ ಶಾಲೆಗೆ ಬಂದು ಪ್ರಶ್ನೆ ಕೇಳುವ ತಂದೆಯಿಲ್ಲ. ಮಗುವನ್ನು ಬಿಡಿಸಿಕೊಂಡು ಹೋಗುವ ಮನೆಯಿಲ್ಲ. ಆಡಳಿತದವನೇ ತಂದೆಯೂ ಆಗಬೇಕು. ಇಲ್ಲಿಯ ಮಕ್ಕಳು ಬೆಳೆದು ಮಿಶನ್ನಿನ ಮತವನ್ನೇ ಹಿಡಿದುದಕ್ಕೆ ಕೆಲವರು ಆಕ್ಷೇಪಣೆ ಮಾಡುವುದುಂಟು. ಹಸಿದು ಬಂದ ದಿನ ಅವರಿಗೆ ಗಂಜಿ ಹೊಯ್ಯದವರು ಆ ಆಕ್ಷೇಪಣೆಯನ್ನು ಎಷ್ಟು ಗಟ್ಟಿಯಾದ ಧ್ವನಿಯಲ್ಲಿ ಮಾಡಬಹುದೆಂಬುದನ್ನು ಅವರೇ ಆಲೋಚಿಸಲಿ.

ಇಂಗ್ಲೆಂಡಿನಲ್ಲಿಯೂ ಈ ತೊಡಕು ಸುಲಭವಾಗಿ ಬಿಡಲಿಲ್ಲ. ಅಲ್ಲಿಯ ಹಳ್ಳಿಶಾಲೆಗಳು ಬಹುಪಾಲು ಚರ್ಚಿನವು. ಊರ ಪಾದ್ರಿಯೇ ಸರ್ವಾಧಿಕಾರಿ. 1902ರ ಶಾಸನವು ಇಂತಹ ಶಾಲೆಗಳ ಖರ್ಚನ್ನು ಊರಿನ ತೆರಿಗೆಯಿಂದ ಕೊಡಿಸುವ ಏರ್ಪಾಡು ಮಾಡಿದಾಗ, ಆರು ಮಂದಿ ಆಡಳಿತಗಾರರಲ್ಲಿ ನಾಲ್ವರು ಚರ್ಚಿನವರು, ಇಬ್ಬರು ಸ್ಥಳೀಯ ಸಂಸ್ಥೆಯವರು ಇರತಕ್ಕದ್ದೆಂದು ವಿಧಿಸಿತು. ತಮಗೆ ಒಪ್ಪದ ಮತದ ಬೋಧನೆಗೆ ತಮ್ಮ ತೆರಿಗೆಯೇ ಎಂದು ಮೆಥಡಿಸ್ಟರೇ ಮೊದಲಾದ ಇತರ ಪಂಗಡದವರು ರೊಚ್ಚಿಗೆದ್ದರು. ಕೆಲವರು ತೆರಿಗೆ ಕೊಡದೆ ಸೆರೆಮನೆಗೂ ಹೋದರು. 1944ರ ಶಾಸನದಲ್ಲಿ ಈ ಲೆಕ್ಕವು ಇನ್ನಷ್ಟು ಸೂಕ್ಷ್ಮವಾಯಿತು: ಕಟ್ಟಡದ ಖರ್ಚಿನಲ್ಲಿ ಪಾಲು ಹೊರುವ ಚರ್ಚ್ ಶಾಲೆಯಲ್ಲಿ ಮೂರರಲ್ಲಿ ಎರಡು ಪಾಲು ಸ್ಥಾನ ಚರ್ಚಿಗೆ, ಖರ್ಚನ್ನೆಲ್ಲ ಸರ್ಕಾರಕ್ಕೆ ಬಿಟ್ಟುಕೊಟ್ಟ ಶಾಲೆಯಲ್ಲಿ ಮೂರರಲ್ಲಿ ಒಂದೇ ಪಾಲು. ತಂದೆತಾಯಿಗಳಿಗೆ ಶಾಸನಬದ್ಧವಾದ ಕುರ್ಚಿಯು ಸಿಕ್ಕಿದುದು 1980ರ ಶಾಸನದ ತರುವಾಯ. ನಮ್ಮ ಗುಬ್ಬಿ, ತುಮಕೂರುಗಳಿಗೆ ಪಾದ್ರಿಗಳನ್ನು ಕಳುಹಿಸಿದ ವೆಸ್ಲಿಯ ಅನುಯಾಯಿಗಳು ತಮ್ಮ ದೇಶದಲ್ಲಿ ಬೇರೊಂದು ಚರ್ಚಿನ ಶಾಲೆಗೆ ಮಕ್ಕಳನ್ನು ಕಳುಹಿಸಬೇಕಾದಾಗ ಪಟ್ಟ ಸಂಕಟವು, ನಮ್ಮ ಜನರು ಇಲ್ಲಿ ಪಟ್ಟ ಸಂಕಟಕ್ಕೆ ಬಹಳ ದೂರದ್ದಲ್ಲ. ಚರಿತ್ರೆಯು ಒಂದೊಂದು ಸಲ ಹೀಗೆ ಹಾಸ್ಯ ಮಾಡುವುದು.

ಆಡಳಿತವು ವಿದೇಶೀಯರ ಕೈಯಿಂದ ನಮ್ಮವರ ಕೈಗೆ ಬಂದುದು ಮೆಲ್ಲಮೆಲ್ಲನೆ. 1914ರ ಮಹಾಯುದ್ಧವು ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಒಂದೇ ಏಟಿಗೆ ಶಾಲೆಗಳಿಂದ ಕಿತ್ತು ಬಂಧನದಲ್ಲಿರಿಸಿತು. ಎಂಬತ್ತು ವರ್ಷ ನಡೆದುಬಂದ ವ್ಯವಸ್ಥೆಯ ಯಜಮಾನನು ರಾತ್ರಿ ಬೆಳಗಾಗುವುದರೊಳಗೆ ಇಲ್ಲದಂತಾದಾಗ, ಅದುವರೆಗೆ ಕೈಕಟ್ಟಿ ನಿಲ್ಲುತ್ತಿದ್ದ ಸಭೆಯ ಹಿರಿಯರು ಹೊಣೆಯನ್ನು ಹೊರಬೇಕಾಯಿತು. 1931ರಲ್ಲಿ ಲಿಂಡ್ಸೆ ಆಯೋಗವು ಕ್ರೈಸ್ತ ಕಾಲೇಜುಗಳ ಆಡಳಿತದಲ್ಲಿ ಭಾರತೀಯರಿಗೆ ಹೆಚ್ಚಿನ ಹೊಣೆಯಿರಬೇಕೆಂದು ಸಲಹೆ ಮಾಡಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಗಿ, ವೆಸ್ಲಿಯನ್ ಪರಂಪರೆಯವರೂ ಲಂಡನ್ ಮಿಶನ್ನಿನ ಪರಂಪರೆಯವರೂ ಆಂಗ್ಲಿಕನರೂ ಒಂದಾದರು. ಆಸ್ತಿಪಾಸ್ತಿಗಳಿಗಾಗಿ ಅದೇ ವರ್ಷ ಕಂಪನಿ ಕಾನೂನಿನ ಮೇರೆಗೆ ಒಂದು ಟ್ರಸ್ಟ್ ಸಂಘವು ನೋಂದಣಿಯಾಯಿತು. ಹೀಗೆ ಅಂತಹ ಶಾಲೆಯೊಂದರ ನೆಲವು ಟ್ರಸ್ಟಿನದು, ಹೆಸರು ಸಭೆಯದು, ಅನುದಾನಿತವಾಗಿದ್ದರೆ ಉಪಾಧ್ಯಾಯರ ಸಂಬಳವು ಸರ್ಕಾರದ್ದು, ಮಕ್ಕಳು ಊರಿನವರು.

ಸ್ವತಂತ್ರ ಭಾರತದ ಸಂವಿಧಾನವು 30ನೆಯ ಅನುಚ್ಛೇದದಲ್ಲಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ಆಡಳಿತ ನಡೆಸುವ ಹಕ್ಕನ್ನು ಕೊಟ್ಟಿತು. 28ನೆಯದರಲ್ಲಿ ಸರ್ಕಾರದ ಮಾನ್ಯತೆಯೋ ಹಣವೋ ಇರುವ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಸಮ್ಮತಿಯಿಲ್ಲದೆ ಮತಬೋಧನೆಗೆ ಕೂರಿಸಲಾಗದೆಂದು ವಿಧಿಸಿತು. ಮಂಗಳೂರಿನ ಆ ತಂದೆಯ ಕೂಗಿಗೆ ಒಂದು ಶತಮಾನದ ತರುವಾಯ ಸಿಕ್ಕ ಉತ್ತರವಿದು. 1958ರಲ್ಲಿ ಕೇರಳದ ಶಿಕ್ಷಣ ಮಸೂದೆಯ ವಿಚಾರದಲ್ಲಿ ಸರ್ವೋಚ್ಚ ನ್ಯಾಯಾಲಯವು, ಆಡಳಿತದ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲವೆಂದು ಹೇಳಿತು. ಕರ್ನಾಟಕದಲ್ಲಿ 2001ರಿಂದ ಸರ್ಕಾರಿ ಶಾಲೆಗಳಲ್ಲಿ ಪೋಷಕರೇ ಮುಖ್ಯರಾದ ಶಾಲಾಭಿವೃದ್ಧಿ ಸಮಿತಿಗಳು ಬಂದವು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲಾ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕೆಂದಿತು. ಆದರೆ ಆ ಕಾಯಿದೆಯು ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು 2014ರಲ್ಲಿ ತೀರ್ಪಾಯಿತು. ಆ ತೀರ್ಪನ್ನು ದೊಡ್ಡ ಪೀಠವೊಂದು ಪುನಃ ಪರಿಶೀಲಿಸುವುದು ಯುಕ್ತವೆಂದು 2025ರಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಅಭಿಪ್ರಾಯಪಟ್ಟರು. 2014ರ ಮೇ ತಿಂಗಳಲ್ಲಿಯೇ ಬಂದ ಇನ್ನೊಂದು ತೀರ್ಪು, ಕರ್ನಾಟಕ ಸರ್ಕಾರವು ಪ್ರಾಥಮಿಕ ತರಗತಿಗಳಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯ ಮಾಡಲಾಗದೆಂದು ಸಾರಿತು. ಇದರಿಂದ ಖಾಸಗಿ ಶಾಲೆಯು ಕನ್ನಡದಲ್ಲಿ ಕಲಿಸಬೇಕೋ ಇಂಗ್ಲಿಷಿನಲ್ಲಿಯೋ ಎಂಬ ನಿರ್ಣಯವು, ಹೆಚ್ಚು ಕಡಮೆ, ಆಡಳಿತ ಮಂಡಳಿಯ ಮೇಜಿನ ಮೇಲೆ ಬಂದು ಬಿದ್ದಿತು.

ಅಂತಹ ಮೇಜಿನ ಮುಂದೆ ನಾನು ಕೆಲವು ವರ್ಷ ಕುಳಿತಿದ್ದೆನು. ಶಾಲೆಯ ಹೆಸರು ಇಲ್ಲಿ ಬೇಡ. ನಾನು ಆ ಸಭೆಯವನಲ್ಲ. ನಿವೃತ್ತ ಉಪಾಧ್ಯಾಯನೆಂದು, ಊರಿನ ಹಿತೈಷಿಯೆಂದು ಕರೆದು ಸದಸ್ಯನನ್ನಾಗಿ ಮಾಡಿದ್ದರು. ಸಭಾಪಾಲಕರು ಅಧ್ಯಕ್ಷರು, ಸಭೆಯ ಹಿರಿಯರು ನಾಲ್ವರು, ಮುಖ್ಯೋಪಾಧ್ಯಾಯಿನಿ, ಒಬ್ಬ ವಕೀಲರು, ನಾನು. ಕೂಟವು ಪ್ರಾರ್ಥನೆಯಿಂದ ಮೊದಲಾಗುವುದು. ಆ ಹೊತ್ತು ನಾನು ತಲೆ ತಗ್ಗಿಸಿ ಸುಮ್ಮನಿರುತ್ತಿದ್ದೆನು. ಅದರಿಂದ ಅವರಿಗೂ ಬೇಸರವಾಗಲಿಲ್ಲ, ನನಗೂ ಭಾರವಾಗಲಿಲ್ಲ. ಮೊದಲ ವರ್ಷವೆಲ್ಲ ಪಾಯಿಖಾನೆಯ ನೀರು, ಕಾಂಪೌಂಡಿನ ಗೋಡೆ, ಬಸ್ಸಿನ ವಿಮೆ, ಇವೇ ವಿಷಯಗಳು. ಶಿಕ್ಷಣವೆಂಬ ಮಾತು ಅಪರೂಪವಾಗಿ ಬರುವುದು. ಹೊಣೆಯೆಂದರೆ ಇದೇ ಎಂದು ನಿಧಾನವಾಗಿ ತಿಳಿಯಿತು. ನೀರಿಲ್ಲದ ದಿನ ದೊಡ್ಡ ಹೆಣ್ಣುಮಕ್ಕಳು ಶಾಲೆಗೆ ಬರುವುದಿಲ್ಲ. ಪಾಠವು ಎಷ್ಟು ಚೆನ್ನಾಗಿದ್ದರೇನು?

ಎರಡನೆಯ ವರ್ಷ ಕನ್ನಡ ಮಾಧ್ಯಮದ ಪ್ರಶ್ನೆಯು ಬಂದಿತು. ಮೂರು ತರಗತಿಗಳನ್ನು ಒಟ್ಟು ಮಾಡಿದರೂ ಮಕ್ಕಳು ಇಪ್ಪತ್ತನ್ನು ಮುಟ್ಟುತ್ತಿರಲಿಲ್ಲ. ಇಂಗ್ಲಿಷ್ ವಿಭಾಗದಲ್ಲಿ ಸ್ಥಳವಿಲ್ಲದೆ ಜನರನ್ನು ಹಿಂದಕ್ಕೆ ಕಳುಹಿಸುತ್ತಿದ್ದರು. ಕನ್ನಡ ವಿಭಾಗವನ್ನು ಮುಚ್ಚಿ ಆ ಕೊಠಡಿಗಳನ್ನು ಇಂಗ್ಲಿಷ್ ವಿಭಾಗಕ್ಕೆ ಕೊಡಬೇಕೆಂಬುದು ಸೂಚನೆ. ನಾನು ವಿರೋಧಿಸಿದೆನು. ಗುಬ್ಬಿಯ ಬೀದಿಯಲ್ಲಿ ಕನ್ನಡ ಕಲಿತ ಐರಿಷ್ ತರುಣನ ಕಥೆಯನ್ನು ಹೇಳಿದೆನು. ಗ್ಯಾರೆಟ್, ಹಾಡ್ಸನ್ನರ ಹೆಸರುಗಳನ್ನು ಎತ್ತಿದೆನು. ಎಲ್ಲರೂ ಗೌರವದಿಂದ ಕೇಳಿದರು. ಆ ಮೇಲೆ ಹಿರಿಯರಲ್ಲಿ ಒಬ್ಬರು, ತಾತನ ಕಾಲದಲ್ಲಿ ಮಿಶನ್ನಿನ ಅನಾಥಾಲಯದಿಂದ ಬಂದ ಮನೆತನದವರು, ಮೆಲ್ಲನೆ ಒಂದು ಮಾತು ಕೇಳಿದರು: “ಮೇಷ್ಟ್ರೇ, ನಿಮ್ಮ ಮೊಮ್ಮಕ್ಕಳು ಯಾವ ಮಾಧ್ಯಮದಲ್ಲಿ ಓದ್ತಿದಾರೆ?” ನನ್ನಲ್ಲಿ ಉತ್ತರವಿರಲಿಲ್ಲ; ಎಂದರೆ, ಉತ್ತರವು ಎಲ್ಲರಿಗೂ ಗೊತ್ತಿದ್ದಿತು.

ಒಂದು ವರ್ಷ ಕಾಲಾವಕಾಶವನ್ನು ಕೊಟ್ಟರು. ನಾನೂ ಮುಖ್ಯೋಪಾಧ್ಯಾಯಿನಿಯವರೂ ಹಳ್ಳಿಗಳನ್ನು ಸುತ್ತಿ ಕನ್ನಡ ವಿಭಾಗಕ್ಕೆ ಮಕ್ಕಳನ್ನು ಕೇಳಿದೆವು. ವಸಂತನರಸಾಪುರದ ಕಡೆಗೂ ಹೋಗಿದ್ದೆವು. ಮೊದಲು ನಮ್ಮ ಮನೆಗೆ ಬಂದಿದ್ದ ಆ ಗೃಹಸ್ಥನೇ ಕಾಫಿ ಕೊಟ್ಟು ಕೂರಿಸಿ, ಕಾರ್ಖಾನೆಯ ಗೇಟಿನಲ್ಲಿ ತನಗೆ ಕೊಡುವ ಚೀಟಿಯು ಇಂಗ್ಲಿಷಿನಲ್ಲಿರುವುದೆಂದೂ, ಅದನ್ನು ಓದಿಸಿಕೊಳ್ಳಲು ದಿನವೂ ಇನ್ನೊಬ್ಬನ ಮುಖವನ್ನು ನೋಡಬೇಕೆಂದೂ ಹೇಳಿದನು. ಅವನನ್ನು ಒಪ್ಪಿಸುವ ಯಾವ ಮಾತೂ ನನಗೆ ತೋರಲಿಲ್ಲ. ಆ ವರ್ಷ ಕನ್ನಡ ವಿಭಾಗಕ್ಕೆ ಹೊಸದಾಗಿ ಸೇರಿದವರು ಇಬ್ಬರು.

ಮಾರ್ಚ್ ತಿಂಗಳ ಕೂಟದಲ್ಲಿ ಸೂಚನೆಯು ಪುನಃ ಬಂದಿತು. ಮುಖ್ಯೋಪಾಧ್ಯಾಯಿನಿಯವರೂ ನಾನೂ ವಿರುದ್ಧವಾಗಿ ಕೈಯೆತ್ತಿದೆವು, ಉಳಿದವರೆಲ್ಲರೂ ಪರವಾಗಿ. ಕನ್ನಡ ವಿಭಾಗದ ಉಪಾಧ್ಯಾಯಿನಿಯನ್ನು ಕೆಲಸದಿಂದ ತೆಗೆಯದೆ ಇಂಗ್ಲಿಷ್ ವಿಭಾಗದ ಕನ್ನಡ ಪಾಠಕ್ಕೆ ಹಾಕಬೇಕೆಂಬ ನನ್ನ ತಿದ್ದುಪಡಿಯನ್ನು ಮಾತ್ರ ಅಧ್ಯಕ್ಷರು ಒಪ್ಪಿದರು. ಕಾರ್ಯದರ್ಶಿಯವರು ಆ ದಿನ ಬಂದಿರಲಿಲ್ಲವಾದುದರಿಂದ ನಿರ್ಣಯವನ್ನು ಪುಸ್ತಕದಲ್ಲಿ ಬರೆಯುವ ಕೆಲಸವು ನನ್ನ ಪಾಲಿಗೆ ಬಂದಿತು. ಪುಸ್ತಕವನ್ನು ತೆರೆದು ನೋಡಿದರೆ ಹಿಂದಿನ ನಡವಳಿಕೆಗಳೆಲ್ಲವೂ ಇಂಗ್ಲಿಷಿನಲ್ಲಿದ್ದವು. ನಾನು ಕನ್ನಡದಲ್ಲಿ ಬರೆದು ಸಹಿ ಹಾಕಿದೆನು. ಗೃಹಸ್ಥನ ಮಗಳು ಜೂನ್ ತಿಂಗಳಲ್ಲಿ, ಕನ್ನಡ ವಿಭಾಗದ ಮೂರನೆಯ ತರಗತಿಯಿದ್ದ ಕೊಠಡಿಯಲ್ಲಿ, ಇಂಗ್ಲಿಷಿನ ಒಂದನೆಯ ತರಗತಿಗೆ ಸೇರಿದಳು.